ಹನ್ನೊಂದರವಳನ್ನು ಬಿಟ್ಟುಬಿಡಿ

ಆಷಾಢ ಮುಗಿದು ಹದಿನೈದು ದಿನವಾಗಿತ್ತು,
ಗಾಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.
ಜೋಗಿಮಟ್ಟಿ ಕಡೆಯಿಂದ ಇಳಿದು
ದುರ್ಗದ ನಮ್ಮ ಹೈಸ್ಕೂಲಿನ ಸಿಮೆಂಟು ಅಂಕಣವನ್ನು
ಅಡ್ಡಡ್ಡ ಹಾಯ್ದು ರಸ್ತೆಗೆ ಬೀಳುತ್ತಿತ್ತು.
ಸ್ಕೋರು ಬರೆಯುವ ಹಾಳೆಯ ಮೇಲೆ ಅರ್ಧ ಇಟ್ಟಿಗೆ.

ಬೋಸಯ್ಯ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಆಡಿದವರಲ್ಲ,
ಚಳ್ಳಕೆರೆ ಸೀಮೆಯಲ್ಲಿ ಕಬಡ್ಡಿ ಆಡಿ
ಒಂದು ಮೊಣಕಾಲು ಕಳಕೊಂಡವರು.
ಸೆಮಿಫೈನಲ್ಲಿನ ಹಿಂದಿನ ಸಂಜೆ
ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಹತ್ತು ಶೇಂಗಾ ಇಟ್ಟರು.
ಸಿಪ್ಪೆ ಇದ್ದವು ನಾವು,
ಸುಲಿದವು ದಾವಣಗೆರೆಯವರು.

"ಮುಂದೆ ಇಬ್ಬರು, ಹಿಂದೆ ಮೂವರು.
ಚೆಂಡು ಎತ್ತ ಹೋದ್ರೆ ಅತ್ತ ಐದೂ ಹೊಟ್ಟೆ ತಿರುಗಬೇಕು.
ಬಾಯಿ ಮುಚ್ಕಂಡು ಕಾಯಬ್ಯಾಡ್ರಿ,
ಕಂಡಿದ್ದನ್ನ ಕೂಗ್ರಿ."
ಹನುಮಕ್ಕ ಕೇಳಿದಳು, "ಕೋಟೆ ಥರಾನಾ, ಸಾ?"
"ಕೋಟೆ ಗೀಟೆ ಭಾಷಣ ಬ್ಯಾಡ.
ಆ ಕೋಟೆ ಬಿದ್ದಾಯ್ತು. ಈಗ ಟಿಕೀಟು ತಗಂಡು
ಯಾರು ಬೇಕಾದ್ರೂ ಒಳಗೋಗ್ತಾರೆ."

ಆಮೇಲೆ ಸುಲಿದ ಕಾಳುಗಳಲ್ಲಿ ದಪ್ಪದೊಂದನ್ನು
ಕಟ್ಟೆಯ ತುದಿಗೆ ಸರಿಸಿದರು.
"ಇವಳು ಹನ್ನೊಂದು. ಬಿಟ್ಟುಬಿಡಿ."
"ಸಾ, ತುಮಕೂರಿನ ಮೇಲೆ ಅವಳೊಬ್ಬಳೇ ಇಪ್ಪತ್ತೆರಡು!"
"ಅಲ್ಲಿ ತಲೆ ಮೇಲೆ ಸೂರಿತ್ತು. ಇಲ್ಲಿ ಗಾಳಿ ಐತೆ.
ರಸ್ತೆ ಕಡೆ ಮೂಲೆಗೆ ಅಟ್ಟಿ ಸುಮ್ನಾಗಿ.
ಉಳಿದದ್ದು ಗಾಳಿ ನೋಡ್ಕಂತದೆ."
ಉಳಿದ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡರು.

ಅವಳಿಗೆ ಹತ್ತಿರದ ಜಾಗ ನನ್ನದು.
ಸೊಂಟ ನೋಡು, ಕಣ್ಣು ಸುಳ್ಳು ಹೇಳುತ್ತೆ,
ಕೈಯಳತೆ ಬಿಡಬೇಡ,
ಎರಡು ವರ್ಷ ಕಲಿತದ್ದನ್ನೆಲ್ಲ ಮಡಚಿಟ್ಟು
ಮೂರು ಹೆಜ್ಜೆ ಹಿಂದೆ ನಿಂತೆ.

ಅವಳ ಮೊದಲ ಚೆಂಡು ರಿಂಗಿಗೆ ಗೇಣು ದೂರದಲ್ಲಿ ಸೋತಿತು.
ಎರಡನೆಯದೂ.
ನಾಲ್ಕನೆಯದಕ್ಕೆ ಬೋರ್ಡು ಕೂಡ ಸಿಗಲಿಲ್ಲ.
ಕಾಂಪೌಂಡ್ ಮೇಲೆ ಕೂತ ನಮ್ಮ ಹುಡುಗರು
"ಹಾಕವ್ವ ಹಾಕು" ಎಂದು ನಕ್ಕರು.
ನಡುವೆ ನಮಗೆ ಮೊಣಕೈ, ಬೆವರು, ಬೈಗುಳ,
ಒಬ್ಬರಿಗೊಬ್ಬರು ಇದ್ದೆವು.
ಅವಳಿಗೆ ಒಂದಿಡೀ ಮೂಲೆ ಇತ್ತು,
ಹೋಂವರ್ಕ್ ತರದವಳನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ.

ಆಗ ಅವಳು ಬಗ್ಗಿ
ಗೆರೆಯಾಚೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು
ಎದೆಯೆತ್ತರದಿಂದ ಬಿಟ್ಟಳು.
ಅದು ಹೋದ ದಾರಿ ನೋಡಿದಳು.
ನಾನೂ ನೋಡಿದೆ.

ಅರ್ಧ ಆಟದ ಮೇಲೆ ತುದಿ ಬದಲಾಯಿತು,
ರಸ್ತೆ ರಸ್ತೆಯ ಕಡೆಯೇ ಇತ್ತು.
ಈಗ ಅವಳು ರಿಂಗನ್ನು ನೋಡುತ್ತಿರಲಿಲ್ಲ.
ರಿಂಗಿನಾಚೆ ನಿಂತ ಬೇವಿನ ಮರಕ್ಕೆ ಎಸೆದಳು.
ಗಾಳಿ ಅದನ್ನು ಹಿಂದಕ್ಕೆ ಕರೆತಂದು
ಬಲೆಯೊಳಗೆ ಇಳಿಸಿತು.
ಮೂರು.
ಮತ್ತೊಮ್ಮೆ ಬೇವಿಗೆ. ಮೂರು.
ಹುಡುಗರು ಕಾಂಪೌಂಡಿಂದ ಇಳಿದು ನಿಂತರು.

ನಾವು ಇಪ್ಪತ್ತೇಳು, ಅವರು ಇಪ್ಪತ್ತಾರು.
ಕೊನೆಯ ಚೆಂಡು ಮೂಲೆಗೆ ಬಂತು.
ಮೇಷ್ಟ್ರ ಕಡೆ ತಿರುಗಿದೆ.
ಅವರ ಕೈ ಅರ್ಧ ಮೇಲೆದ್ದಿತ್ತು,
ಹೋಗು ಎಂದೋ ನಿಲ್ಲು ಎಂದೋ
ಅವರಿಗೇ ತಿಳಿದಂತಿರಲಿಲ್ಲ.
ನಾನು ಹಾರಿದಾಗ
ಚೆಂಡು ಆಗಲೇ ಬೇವಿನ ದಾರಿಯಲ್ಲಿತ್ತು.

ಕೈಕುಲುಕುವಾಗ ಅವಳ ಅಂಗೈ ಒರಟಾಗಿತ್ತು, ಮಣ್ಣು.
"ನೀಲವೇಣಿ" ಅಂದಳು, ನಾನು ಕೇಳಿರಲಿಲ್ಲ.

ಮೇಷ್ಟ್ರು ಇಟ್ಟಿಗೆ ಎತ್ತಿದರು, ಹಾಳೆ ಹಾರಿತು,
ಕುಂಟುತ್ತ ಹಿಡಿದು ತಂದರು.
"ನಾಲ್ಕು ಎಸೆತ ಪುಕ್ಕಟೆ ಕೊಟ್ಟೆ.
ಪಾಠ ಹೇಳ್ಕೊಟ್ಟಂಗಾತು ಅವಳಿಗೆ."
ನಾನು ಚಿಟಿಕೆ ಮಣ್ಣಿನ ವಿಷಯ ಹೇಳಿದೆ.
"ಯಾವಾಗ?"
"ಅರ್ಧ ಆಟಕ್ಕೆ ಮುಂಚೆ, ಸಾ."
ಬಹಳ ಹೊತ್ತು ಬೇವಿನ ಮರ ನೋಡಿದರು.
ಜೇಬಿಗೆ ಕೈಹಾಕಿ ಸಿಪ್ಪೆಯ ಶೇಂಗಾ ಒಂದನ್ನು
ನನ್ನ ಕೈಗಿಟ್ಟರು.
"ಕೂಗಬೇಕಿತ್ತು" ಅಂದರು.