ಹೋಗುವಾಗ ಬಿಟ್ಟಿ

ಟೆನೆರಿಫೆಯ ದಂಡೆಯಲ್ಲಿ ಕಾರ್ಡು ಹಂಚುವ ಹುಡುಗನಿದ್ದಾನೆ,
ಉಗುರಲ್ಲಿ ಕೆರೆದು ನೋಡಿ ಎನ್ನುತ್ತಾನೆ.
ಎಲ್ಲರಿಗೂ ಬಹುಮಾನ.
ಒಂಬತ್ತು ವರ್ಷವಾಯಿತು ನಾನು ಇಲ್ಲಿ ಗಾಡಿ ನಿಲ್ಲಿಸುತ್ತ,
ಸೋತ ಕಾರ್ಡು ಒಂದನ್ನೂ ಕಂಡವನಲ್ಲ.

ಅಕಾಯ್ಮೊ ನನ್ನ ಹೆಸರು. ಟ್ಯಾಕ್ಸಿ ಬಿಳಿಯದು.
ಗೆದ್ದವರನ್ನು ಗುಡ್ಡದ ಮೇಲಿನ ರೆಸಾರ್ಟಿಗೆ ಮುಟ್ಟಿಸಿ
ತಲೆಗಿಷ್ಟು ಎಂದು ಎಣಿಸಿಕೊಳ್ಳುತ್ತೇನೆ.
ಕುರಿ ಎನ್ನುವುದಿಲ್ಲ. ತಲೆ ಎನ್ನುತ್ತೇನೆ.

ಹೋಗುವಾಗ ಎಲ್ಲರಿಗೂ ಮಾತು:
"ಒಂದೂವರೆ ತಾಸಂತೆ, ಕೂತು ಕೇಳಿದರಾಯಿತು,
ಸಹಿ ಹಾಕುವ ಪೆದ್ದರೇ ನಾವು?
ಶಾಂಪೇನ್ ಈಸಿಕೊಂಡು ಎದ್ದು ಬರೋಣ."
ಬಾಳೆತೋಟಗಳ ಬಲೆಪರದೆ ಕಿಟಕಿಯಾಚೆ ಸರಿಯುತ್ತದೆ.
ಬಸ್ಸಿಲ್ಲದ ರಸ್ತೆ.
ಅದನ್ನು ಯಾರೂ ಗಮನಿಸುವುದಿಲ್ಲ.

ಆ ಮಂಗಳವಾರ ಹತ್ತಿದವರು ಗ್ರಿಮ್ಸ್‌ಬಿಯವರು.
ಗ್ಲೆನಿಸ್, ಮೀನಿನ ಕಾರ್ಖಾನೆಯಲ್ಲಿ ಸೀಳುವ ಕೆಲಸ;
ಡೆರಿಕ್, ಬಸ್ ಡಿಪೋದ ಮೆಕ್ಯಾನಿಕ್ಕು,
ಹೆಗಲು ಬಿಸಿಲಿಗೆ ಬೆಂದು ಸಿಗಡಿಯ ಬಣ್ಣ.
ಏಳು ದಿನದ ರಜೆ. ಅವತ್ತು ಐದನೆಯದು.

ಒಳಗೆ ನಡೆಯುವುದು ನನಗೆ ಗೊತ್ತು,
ಒಮ್ಮೆ ಉಚ್ಚೆಗೆಂದು ಹೋದವನು ನಿಂತು ನೋಡಿದ್ದೆ.
ದುಂಡು ಮೇಜು, ಗಡಿಯಾರವಿಲ್ಲದ ಗೋಡೆ.
ಮೊದಲು ನಗುವವನು, ಆಮೇಲೆ ಲೆಕ್ಕದವನು,
ಬೇಡವೆಂದರೆ ಅವನ ಮೇಲಿನವನು,
ಅವನಿಗೂ ಬೇಡವೆಂದರೆ ಮುಖ ಬಾಡಿಸಿಕೊಂಡ ಒಬ್ಬಳು:
"ನಮ್ಮ ಹುಡುಗರಿಂದ ಏನಾದರೂ ತಪ್ಪಾಯಿತೇ?"
ಯಾರೋ ಸಹಿ ಹಾಕಿದರೆ ಢಬ್ಬೆಂದು ಬಾಟಲಿಯ ಬಿರಡೆ,
ಎಲ್ಲ ಮೇಜಿಗೂ ಚಪ್ಪಾಳೆಯ ಸೋಂಕು.
ವರ್ಷಕ್ಕೊಂದು ವಾರ ಮಾತ್ರ,
ಸಾಯುವವರೆಗೆ ನಿಮ್ಮದು, ಸತ್ತ ಮೇಲೆ ಮಕ್ಕಳದು;
ನಿರ್ವಹಣೆ ಶುಲ್ಕಕ್ಕೆ ಸಾವಿಲ್ಲ.

ಹೊರಗೆ ನಾನು ಬಾನೆಟ್ಟಿನ ಮೇಲೆ ಬ್ರೆಡ್ಡು, ಮೇಕೆಯ ಚೀಸು.
ಒಂದೂವರೆ ತಾಸು ಮೂರಾಯಿತು,
ಮೂರು ಹೋಗಿ ಐದಾಯಿತು,
ಗಾಡಿಯ ನೆರಳು ಟಯರಿನಡಿಯಿಂದ ಹೊರಟು ಗೋಡೆ ಹತ್ತಿತು.

ಸಹಿ ಹಾಕಿರಲಿಲ್ಲ ಅವರು.
ಹಾಕಿದವರ ಕಂಕುಳಲ್ಲಿ ನೀಲಿ ಫೈಲು ಇರುತ್ತದೆ.
ಇವರ ಕೈಯಲ್ಲಿ ಬಾಟಲಿಯಷ್ಟೇ, ಅದೂ ಬೆಚ್ಚಗಿನದು.
ಗೆದ್ದಿರಿ ಅನ್ನೋಣವೆಂದು ಬಾಯಿ ತೆರೆದೆ,
ಕನ್ನಡಿಯಲ್ಲಿ ಮುಖಗಳ ನೋಡಿ ಮುಚ್ಚಿದೆ.
ಮೀಟರು ಹಾಕಿದೆ. ಹೋಗುವಾಗ ಮಾತ್ರ ಬಿಟ್ಟಿ.

ಎರಡು ತಿರುವು ಕಳೆದ ಮೇಲೆ ಡೆರಿಕ್,
ರಸ್ತೆಯನ್ನೇ ಕೇಳುವಂತೆ:
"ಕಡಲೆದುರು ಒಂದು ಕೋಣೆ, ಒಬ್ಬಳೇ, ಅಂದೆಯಲ್ಲ.
ಯಾವಾಗಿನಿಂದ?"
"ಆಸೆ ಏನು ಅಂತ ಅವನು ಕೇಳಿದ.
ಕೇಳಿ, ಬರೆದುಕೊಂಡ."
"ಇಪ್ಪತ್ತಾರು ವರ್ಷ, ಗ್ಲೆನಿಸ್."
"ನೀನು ಕೇಳಿರಲಿಲ್ಲ."
ಆಮೇಲೆ, ಬಾಳೆತೋಟ ಮುಗಿಯುವಲ್ಲಿ, ಅವಳೇ:
"ಹನ್ನೆರಡು ಸಾವಿರದಿಂದ ಶುರು ಮಾಡಿದ,
ಬೇಡ ಅಂದಷ್ಟೂ ಇಳಿಸಿದ. ಕೊನೆಗೆ ನನ್ನ ಆಸೆ
ಎರಡೂವರೆಗೆ ಬಂತು, ನೋಡು."
ಯಾರೂ ನಗಲಿಲ್ಲ.

ಇಪ್ಪತ್ತೆರಡು ಯೂರೋ ಕೊಟ್ಟು ಇಳಿದರು,
ಒಬ್ಬರು ಹೋಟೆಲಿನ ಕಡೆ, ಒಬ್ಬರು ನೀರಿನ ಕಡೆ.
ಬಾಟಲಿ ಸೀಟಿನ ಮೇಲೆಯೇ.
ಕರೆಯಬಹುದಿತ್ತು. ಕರೆಯಲಿಲ್ಲ.

ಭಾನುವಾರ ಅದನ್ನು ತಂಗಿಯ ಮನೆಗೆ ಒಯ್ದೆ.
ಕಾಂಡೆಲಾರಿಯಾ ಅದೇ ರೆಸಾರ್ಟಿನಲ್ಲಿ ನೆಲ ಒರೆಸುವವಳು;
ಒಂದು ಮಗ್ಗುಲು ಖಾಲಿಯಿರುವ ಹಾಳೆಗಳನ್ನು
ಕಸಕ್ಕೆ ಹಾಕದೆ ಮಗನಿಗೆ ತರುತ್ತಾಳೆ.
ಹುಡುಗ ಭಾಗಾಕಾರ ಮಾಡುತ್ತಿದ್ದ.
"ಮಾಮಾ, ಶೇಷ ಒಂದು ಉಳೀತು, ಸರಿಯಾ?"
ಹಾಳೆ ತಿರುಗಿಸಿದೆ ಸುಮ್ಮನೆ:
ಗ್ರಿಮ್ಸ್‌ಬಿ. ಕಡಲೆದುರು ಕೋಣೆ. ಒಬ್ಬಳೇ.
ಅದರ ಕೆಳಗೆ ಆರು ಬೆಲೆ, ಐದಕ್ಕೆ ಗೀಟು.

ಸರಿ ಇದೆ, ಅಂದೆ.
ಮತ್ತೆ ಮಗುಚಿ ಕೊಟ್ಟೆ.