ಕೂಡುಬೆರಳು

ಜೂನ್ ಮೂರನೇ ವಾರ. ದೋಣಿಗಳೆಲ್ಲ ದಡದಲ್ಲಿ.
ಮಾಜಾಳಿಯಿಂದ ಗಾರ್ಡು ಫೋನು ಮಾಡಿದ:
ಕಡಲಹಂದಿ, ಸತ್ತು ಎರಡು ದಿನ, ಹೊಟ್ಟೆ ದಪ್ಪ.
ಬರೀ ಗಾಳಿ ಅದು ಎಂದು ಕೊಯ್ದ ಮೇಲೆ ಗೊತ್ತಾಯಿತು.
ಸರ್ ಚಾಕು ಹಿಡಿದಿದ್ದರು; ನಾನು ಬಕೆಟ್ಟು, ಫಾರ್ಮಲಿನ್ನು, ಕೊಡೆ.
ಬೆನ್ನಿಗೆ ರೆಕ್ಕೆಯಿಲ್ಲದ, ನೆನೆದ ಸ್ಲೇಟಿನ ಬಣ್ಣದ ಹೆಣ್ಣು.
ಗರ್ಭಚೀಲದ ಮೂಲೆಯಲ್ಲಿ
ಹುಣಸೆಬೀಜದಷ್ಟು ದೊಡ್ಡದು ಇನ್ನೊಂದು,
ತನ್ನ ಬಾಲದ ಮೇಲೇ ಹಣೆಯಿಟ್ಟು ಮಲಗಿದ್ದು.

ಬಲೆ ಹೊಲಿಯುತ್ತಿದ್ದ ಪುರ್ಸೊ ಹರಿಕಂತ್ರ ಬಗ್ಗಿ ನೋಡಿದ:
"ಬಾಯೀ, ಇದಕ್ಕೆ ಕಾಲುಂಟಲ್ಲ?"
ಉಂಟು. ಬಾಲದ ಬುಡದಲ್ಲಿ ಎರಡು ಮೊಗ್ಗು, ಎಳ್ಳಿನಷ್ಟು.
ಐದನೇ ವಾರ ಹಿಂಗಾಲು ಮೊಳೆಯುತ್ತದೆ,
ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.
"ಬಂದು, ಕಂಡು, ಬ್ಯಾಡ ಅಂದ್ಕಂಡು ಹೋದ್ವಾ?"
ಸರ್ ನಕ್ಕರು.
ನಾನದನ್ನು ಲೇಬಲ್ಲಿನ ಹಿಂದೆ ಬರೆದುಕೊಂಡೆ.

ಕೋಡಿಬಾಗದ ಲ್ಯಾಬಿನ ಕಿಟಕಿಗೆ ಕಾಳಿ ಕಡಲು ಸೇರುವುದು ಕಾಣುತ್ತದೆ.
ಮಳೆಗಾಲ; ಕೆಂಪು ಎಲ್ಲಿ ಮುಗಿದು ಬೂದು ಎಲ್ಲಿ ಶುರು, ಹೇಳಲಾಗದು.
ಜೀವಕೋಶಕ್ಕೂ ಗೋಡೆಯಿಲ್ಲ ನಮ್ಮಲ್ಲಿ, ಪೊರೆ ಅಷ್ಟೇ:
ಒಳಗೆ ಬಿಡುವುದೆಷ್ಟು, ತಡೆಯುವುದೆಷ್ಟು, ಹಗಲಿರುಳು ಚೌಕಾಸಿ.
ಮೈಟೊಕಾಂಡ್ರಿಯವನ್ನು ವಿದ್ಯುತ್ ಸ್ಥಾವರ ಎಂದಾಗಲೆಲ್ಲ
ಕೈಗಾದ ಹುಡುಗರು ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಾರೆ.
ಅದು ತಾಯಿಯಿಂದಷ್ಟೇ ಬರುವುದು ಎನ್ನುತ್ತೇನೆ,
ಅವಳಿಗೆ ಅವಳ ತಾಯಿಯಿಂದ,
ನಮ್ಮ ಮನೆಗೆ ಮೀನುಪೇಟೆಯಲ್ಲಿ ಕೂರುವ ಜಾಗ ಬಂದ ಹಾಗೆ.

ಸತ್ತದ್ದರ ಕೋಶ ಹೋಳಾಗದು. ಹಾಗಾಗಿ ಎಣಿಕೆ ನಮ್ಮದಲ್ಲ, ಪುಸ್ತಕದ್ದು:
ನಲವತ್ತನಾಲ್ಕು ಕ್ರೋಮೋಸೋಮು,
ನಮಗಿಂತ ಒಂದು ಜೋಡಿ ಕಡಿಮೆ.
ತರಗತಿಗೆ ನನ್ನ ರಕ್ತವನ್ನೇ ಕೊಡುತ್ತೇನೆ.
ಇಬ್ಭಾಗವಾಗುವ ಹೊಸ್ತಿಲಲ್ಲಿ ಔಷಧ ಹಾಕಿ ತಡೆದು
ಮಾರೆತ್ತರದಿಂದ ಗಾಜಿನ ಮೇಲೆ ತೊಟ್ಟಿಕ್ಕಿ ಒಡೆದು
ನೇರಳೆ ಬಣ್ಣ ಕುಡಿಸಿ, ಫೋಟೊ ತೆಗೆದು
ಕತ್ತರಿಯಿಂದ ಒಂದೊಂದೇ ಬಿಡಿಸುವುದು;
ಉದ್ದಕ್ಕೆ ಉದ್ದ, ಸೊಂಟಕ್ಕೆ ಸೊಂಟ ಹೊಂದಿಸಿ ಅಂಟಿಸುವುದು,
ಒಂದು ಅಪ್ಪನದು, ಪಕ್ಕದಲ್ಲಿ ಆಯಿಯದು.
ಮನೆಯಲ್ಲಿ ಅವರಿಬ್ಬರು ಇಷ್ಟು ಹತ್ತಿರ ಕೂತದ್ದು ನಾನು ಕಂಡಿಲ್ಲ.

ಮೊದಲಿಗೆ ಒಂದೇ. ಒಂದೂಕಾಲು ದಿನಕ್ಕೆ ಎರಡು.
ನಾಲ್ಕು. ಎಂಟಾದಾಗ ಒಂದನ್ನೊಂದು ಒತ್ತಿ ಹಿಡಿಯುತ್ತವೆ,
ಜನರಲ್ ಬೋಗಿಯವರ ಹಾಗೆ.
ಆಮೇಲೆ ನಡುವೆ ನೀರು ತುಂಬುತ್ತದೆ.
ಹೊರಗುಳಿದವು ತಾಯಿಯ ಮೈಯೊಳಗೆ ಬೇರಿಳಿಸಲು ಹೊರಡುತ್ತವೆ,
ಒಳಗೆ ಸರಿದವು ಮಗುವಾಗುತ್ತವೆ.
ನೀನು ಹೊರಗಿರು ಎಂದವರು ಯಾರು?
ಎಲ್ಲದರೊಳಗೂ ಅದೇ ಎರಡು ಮೀಟರು ದಾರ, ಗುಂಡುಗಳಿಗೆ ಸುತ್ತಿದ್ದು.
ಕಣ್ಣು ತನಗೆ ಬೇಕಾದಷ್ಟು ಬಿಚ್ಚಿ ಓದುತ್ತದೆ,
ಪಿತ್ತದ ಪಾಠ ಅಲ್ಲೇ ಸುರುಳಿಯಲ್ಲಿ, ಮುಟ್ಟದೆ.

ಕೈ ಶುರುವಿಗೆ ದೋಣಿಯ ಹುಟ್ಟು.
ಬೆರಳ ನಡುವಿನ ಕೋಶಗಳಿಗೆ ಸಾಯಿರಿ ಎಂಬ ಸುದ್ದಿ ಬರುತ್ತದೆ;
ಸದ್ದಿಲ್ಲದೆ ಕುಗ್ಗಿ, ಚೂರಾಗಿ, ಪಕ್ಕದವರ ಹೊಟ್ಟೆ ಸೇರುತ್ತವೆ.
ಅವು ಬಿಟ್ಟುಹೋದ ಜಾಗದಿಂದಲೇ ನಮಗೆ ಐದು ಎಂದು ಎಣಿಸಲು ಬಂದದ್ದು.
ಕಡಲಹಂದಿಗೂ ಐದು.
ಸುದ್ದಿ ತಲುಪಿಲ್ಲ, ಒಂದೇ ತೊಗಲಿನೊಳಗೆ ಉಳಿದಿವೆ.

ನನ್ನ ಎಡಗಾಲಿನ ಎರಡನೆಯದೂ ಮೂರನೆಯದೂ ಹಾಗೆಯೇ, ಉಗುರಿನವರೆಗೂ.
ನೋಡಲು ಬಂದವರ ಎದುರು ಸೀರೆ ಇಳಿಸಿ ಕೂರು ಎನ್ನುತ್ತಿದ್ದಳು ಆಯಿ.
ಕಾಲುಂಗುರ ಎಲ್ಲಿ ಹಾಕುವುದು, ಒಬ್ಬಾಕೆ ಕೇಳಿದಳು, ಚಹಾ ಆರುವ ಮುಂಚೆ.
ಸೀಳಿದ್ದೊಂದು ಮಾಡಿಕೊಡುತ್ತೇನೆ ಎಂದಿದ್ದ ಶೇಟ ಅಕ್ಕಸಾಲಿ.
ಅಷ್ಟು ದೂರ ಮಾತು ಹೋಗಲೇ ಇಲ್ಲ.
ಅಪ್ಪನ ಕಾಲು ಹೇಗಿತ್ತು ಎಂದು ಆಯಿ ಹೇಳಿದ್ದು
ಅವನ ಹದಿಮೂರನೆಯ ದಿನ ಕಳೆದ ಮೇಲೆ.

ಸಂಜೆ ಲ್ಯಾಬಿನ ನಲ್ಲಿಯ ಕೆಳಗೆ ಕಾಲು ತೊಳೆದೆ.
ಮರಳು ಕೂರಲು ಎಡಗಾಲಿನಲ್ಲಿ ಮೂರೇ ಸಂದಿ.
ಜಾಡಿಯ ಮುಚ್ಚಳಕ್ಕೆ ಮೇಣ ಸುರಿದು ಬರೆದೆ:
ಮಾಜಾಳಿ. ಉದ್ದ ಹದಿನಾಲ್ಕು ಮಿಲಿಮೀಟರು.
ಹಿಂಗಾಲು ಎರಡು.
ಇನ್ನು ಹೋಗುವುದಿಲ್ಲ.