ಮೂವತ್ತೇಳನೇ ಮನೆ

ಕರೆಂಟು ಹೋಯಿತೆಂದರೆ ಕೌಲ್ ಬಜಾರಿನ ನಮ್ಮ ಯೂನಿಟ್ಟಿನಲ್ಲಿ
ಹದಿನಾರು ಮಿಷನ್ನು ಒಂದೇ ಉಸಿರಿಗೆ ಸುಮ್ಮನಾಗುತ್ತವೆ.
ಆಗ ಕಿವಿಗೆ ಬೀದಿ ಕೇಳಿಸುತ್ತದೆ.
ಅರ್ಧ ಹೊಲಿದ ಕಾಲನ್ನು ಸೂಜಿಯ ಕೆಳಗೇ ಬಿಟ್ಟು
ನಾವು ನೆಲಕ್ಕೆ ಹಾಳು ಪೀಸು ಹಾಸುತ್ತೇವೆ,
ಬಣ್ಣ ಸರಿಯಾಗಿ ಹಿಡಿಯದ ಎರಡು ಗಜ ಜೀನ್ಸ್,
ಅದರ ಮೇಲೆ ಸೀಮೆಸುಣ್ಣದ ಬಳ್ಳಾರಿ.

ಬರೆದವನು ಕಟಿಂಗ್ ಮಾಸ್ಟರ್ ಜಿಲಾನಿ.
ಹೈದರಾಬಾದಿನಲ್ಲಿ ಅಕ್ಕನ ಮಕ್ಕಳ ಜೊತೆ ಆಡಿದ್ದನಂತೆ,
ಅಲ್ಲಿ ಯಾವುದೋ ಮಂಜಿನೂರಿನ ನಕ್ಷೆ, ಬಾಯಿ ತಿರುಗದ ಹೆಸರು.
ಇಲ್ಲಿ ಮೋತಿ ಸರ್ಕಲ್ಲು, ಮೊದಲ ಗೇಟು, ಎರಡನೇ ಗೇಟು,
ದುರ್ಗಮ್ಮನ ಗುಡಿ ಹತ್ತಿರದ ಅಂಡರ್ ಬ್ರಿಡ್ಜು.
ಕೋಟೆ ಗುಡ್ಡ ಮಾತ್ರ ಖಾಲಿ ಬಿಟ್ಟ:
"ಅಲ್ಲಿಗೆ ಆಟೋ ಹತ್ತಂಗಿಲ್ಲ ಬಿಡ್ರಿ."
ಒಟ್ಟು ಅರವತ್ತು ಮನೆ.
ಸೈಜಿನ ಲೇಬಲ್ಲೇ ಟಿಕೇಟು,
ಇಪ್ಪತ್ತೆಂಟು ಆಟೋ, ಮೂವತ್ತು ಸಿಟಿ ಬಸ್ಸು, ಮೂವತ್ತೆರಡು ರೈಲು.
ಕೂತ ಮನೆಯಲ್ಲೇ ಕೂರುವುದಾದರೆ ಕಳ್ಳಿ "ಚಾ" ಅನ್ನಬೇಕು,
ಇದೊಂದು ಕಾನೂನು ಜಿಲಾನಿಯದೇ.

ಪೊಲೀಸರು ನಾಲ್ವರು, ಹಿತ್ತಾಳೆ ಗುಂಡಿ ನಾಲ್ಕು.
ಕಳ್ಳಿಗೆ ಗುಂಡಿಯಿಲ್ಲ.
ಕಳ್ಳಿ ಅಂದರೆ ಸುಂಕಮ್ಮ, ದಾರ ಕತ್ತರಿಸುವವಳು.
ದಿನಕ್ಕೆ ಮುನ್ನೂರು ಪ್ಯಾಂಟಿನ ಬಾಲ ಕೊಯ್ದು ಕೊಯ್ದು
ಎಲ್ಲಿ ತುದಿ ಬಿಡಬಾರದೆಂದು ಬಲ್ಲವಳು.

ಚೌಕಾಬಾರದಲ್ಲಿ ಕಾಯಿ ಕಣ್ಣೆದುರೇ ನಡೆದು ಹಣ್ಣಾಗುತ್ತದೆ.
ಇವಳು ಒಂದು ಲೇಬಲ್ಲು ಒಗೆಯುತ್ತಾಳೆ,
ಚೀಟಿಯಲ್ಲಿ ಗೀಚಿ ಬಳೆಯ ಸಂದಿಗೆ ಸಿಗಿಸುತ್ತಾಳೆ.
"ಬಸ್ಸು" ಅನ್ನುತ್ತಾಳೆ.
ಬಸ್ಸು ಎಲ್ಲಿಗೆ ಹೋಯಿತೋ ನಮ್ಮ ತಲೆಯೊಳಗೇ ಹುಡುಕಿಕೊಳ್ಳಬೇಕು.
ಐದು ನಡೆಗೊಮ್ಮೆ ಮುಖ ತೋರಿಸುವುದು.

ಅವತ್ತು ಐದಕ್ಕೆ ಮಿಲ್ಲರ್ ಪೇಟೆಯಲ್ಲಿ ಕಂಡಳು.
ಆರು: ಆಟೋ.
ಏಳು: "ಚಾ."
ಎಂಟು: "ಚಾ."
ಗಾದಿಲಿಂಗ ಬೆರಳು ಮಡಿಚಿ ಎಣಿಸಿದ,
ಮಿಲ್ಲರ್ ಪೇಟೆಯಿಂದ ಒಂದು ಆಟೋ ದೂರಕ್ಕೆ ನಾಲ್ಕೇ ಮನೆ.
ಒಂದರಲ್ಲಿ ಶೇಕ್ಷಾವಲಿ ನಿಂತಿದ್ದ, ಇಲ್ಲ.
ಇನ್ನೊಂದಕ್ಕೆ ಗಾದಿಲಿಂಗನೇ ಹೋದ, ಇಲ್ಲ.
ಮೂರನೆಯದಕ್ಕೆ ಜಿಲಾನಿ, ಇಲ್ಲ.
ಉಳಿದದ್ದು ಮೂವತ್ತೇಳು.

ಮೂವತ್ತೇಳು ಬ್ರೂಸ್ ಪೇಟೆಯ ಹಿಟ್ಟಿನ ಗಿರಣಿ.
ಗಿರಣಿಯ ಮೇಲೆ ಮಹಡಿ.
ಮಹಡಿಯಲ್ಲಿ ಎರಡು ವರ್ಷದಿಂದ ಸುಂಕಮ್ಮನ ಗಂಡ,
ಇನ್ನೊಬ್ಬಳ ಜೊತೆ.
ನಮಗೆ ಗೊತ್ತು. ನಮಗೆ ಗೊತ್ತೆಂದು ಅವಳಿಗೂ ಗೊತ್ತು.
ನಂಬರು ಬರೆಯುವಾಗ ಜಿಲಾನಿಯ ಕೈ ಅಲ್ಲಿ ನಿಂತು
ಮತ್ತೆ ಮುಂದುವರಿದದ್ದು ನಾನು ನೋಡಿದ್ದೆ.

ಒಂಬತ್ತು: "ಚಾ."

ಗಾದಿಲಿಂಗ ಗಂಟಲು ಸರಿಮಾಡಿಕೊಂಡು
ರೈಲ್ವೆ ಸ್ಟೇಷನ್ನಿಗೆ ಹೋದ, ಕಾರಣವಿಲ್ಲದೆ.
ಜಿಲಾನಿ ಮೊದಲ ಗೇಟಿಗೆ.
ಶೇಕ್ಷಾವಲಿ ಇದ್ದಲ್ಲಿಂದ ಇನ್ನೂ ದೂರ.
ನನ್ನ ಗುಂಡಿ ಗಿರಣಿಗೆ ಒಂದೇ ಮನೆ ಹಿಂದೆ,
ಕೈಯಲ್ಲಿ ಇಪ್ಪತ್ತೆಂಟರ ಲೇಬಲ್ಲು ಬೆವರಿ ಮೆತ್ತಗಾಗಿತ್ತು.
ಮೂವತ್ತೆಂಟಕ್ಕೆ ಇಟ್ಟೆ.
ಯಾರೂ ನನ್ನ ಮುಖ ನೋಡಲಿಲ್ಲ.

ಹತ್ತು. ಬಳೆಯ ಸಂದಿಯಿಂದ ಚೀಟಿ ತೆಗೆದು
ಗಿರಣಿಯ ಮೇಲೆ ಅಂಗೈ ಬಡಿದಳು ಸುಂಕಮ್ಮ,
ಸೀಮೆಸುಣ್ಣದ ಪುಡಿ ಎದ್ದಿತು.
ನಕ್ಕಳು, ಆಮೇಲೆ ನಗುವುದು ನಿಲ್ಲಿಸಿದಳು.

"ಅಲ್ರಲೇ, ನಾಕು ಮಂದಿ ಗಂಡಸರಿದ್ದೀರಿ,
ಒಬ್ಬರಾದ್ರೂ ಬಂದು ಹಿಡೀಬಾರದಾ?
ಎಷ್ಟೊತ್ತಂತ ಒಬ್ಬಾಕಿನೇ ಕುಂತು
ಅವರ ಬಾಗಿಲಾಗೆ ಚಾ ಕುಡೀಲಿ?"

ಉತ್ತರಕ್ಕೆ ಬಾಯಿ ತೆರೆದೆ.
ಹದಿನಾರು ಮಿಷನ್ನಿನ ಬಲ್ಬು ಒಮ್ಮೆಲೇ ಹತ್ತಿಕೊಂಡವು.
ಸೂಜಿಯ ಕೆಳಗಿನ ಕಾಲು ನಾನು ಬಿಟ್ಟಲ್ಲೇ ಇತ್ತು.
ಸಂಜೆಯ ತನಕ ಹೊಲಿದ ಪ್ರತಿ ಪ್ಯಾಂಟಿಗೂ
ಅವಳ ಕತ್ತರಿ ಬಂತು, ಬಾಲ ಕೊಯ್ದು ಹೋಯಿತು,
ಮತ್ತೆ ಒಂದೊಂದರ ಮೇಲೂ ಎಲ್ಲೋ ಒಂದು ಕಡೆ
ಬಿಳಿ ಬೆರಳಚ್ಚು.